ವಾಡೆಯ ಬೆಳಕು ಯಾರ ಪಾಲು?

ನಮ್ಮ ಭಾಗದ ಹಳೆಯ ವಾಡೆಗಳನ್ನು ಹೊಗಳುವವರೆಲ್ಲ ದೊಡ್ಡ ಬಾಗಿಲಿನಿಂದ ಬಂದು, ಪಡಸಾಲೆಯಲ್ಲಿ ಚಹಾ ಕುಡಿದು, ಅಲ್ಲಿಂದಲೇ ಮರಳಿದವರು ಎಂದು ನನಗೆ ಬಹಳ ಸಲ ಅನಿಸಿದೆ. ಕೆತ್ತನೆಯ ಕಂಬ, ತೇಗದ ತೊಲೆ, ದಪ್ಪ ಗೋಡೆ ಅವರ ಕಣ್ಣಿಗೆ ಬೀಳುತ್ತವೆ. ಅವರ ಮಾತು ಸುಳ್ಳಲ್ಲ. ಆದರೆ ಮನೆ ಬರಿಯ ನೋಡುವ ವಸ್ತುವಲ್ಲ, ಬಾಳುವ ಜಾಗ. ಅದನ್ನು ಅಡಿಗೆಮನೆಯಲ್ಲಿ ನಿಂತೂ ಒಮ್ಮೆ ವಿಮರ್ಶಿಸಬೇಕಲ್ಲವೇ?

ಜಮಖಂಡಿಯ ಹಳೇ ಊರಿನ ಇಂಥದೊಂದು ವಾಡೆಗೆ ನಾನು ಸೊಸೆಯಾಗಿ ಬಂದವಳು. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದ ಕಾಲದ ಗತ್ತು ಈ ಓಣಿಗಳದು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. ದರ್ಬಾರು ಹೋಯಿತು, ಗತ್ತು ಉಳಿಯಿತು. ಇಂದಿಗೂ ಮನೆ ಎಲ್ಲಿ ಎಂದು ಹೇಳಿದೊಡನೆ, "ಪುಣ್ಯವಂತರ್ರೀ ನೀವು, ವಾಡೇದಾಗ ಇರ್ತೀರಿ" ಅನ್ನುತ್ತಾರೆ.

ವಾಡೆಯ ಗುಣವನ್ನು ಮೊದಲು ಹೇಳಬೇಕು. ಬೇಸಿಗೆಯಲ್ಲಿ ಸಿಮೆಂಟಿನ ಮನೆಗಳು ಕಾದ ಹಂಚಿನಂತಾದಾಗ ನಮ್ಮ ಮಣ್ಣಿನ ಮಾಳಿಗೆಯ ಕೆಳಗೆ ತಂಪು. ದಪ್ಪ ಗೋಡೆ ಹಗಲಿನ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ರಾತ್ರಿ ಒಳಗಿನ ಬಿಸಿ ಅಂಗಳದಿಂದ ಮೇಲಕ್ಕೆ ಹೋಗುತ್ತದೆ. ಕಟ್ಟಿದವರ ಜಾಣತನ ದೊಡ್ಡದು.

ಅದರ ದೋಷವಿರುವುದು ಬೆಳಕಿನ ಹಂಚಿಕೆಯಲ್ಲಿ. ಅಂಗಳದ ಬೆಳಕು ಮೊದಲು ಪಡಸಾಲೆಗೆ, ಲೆಕ್ಕಪತ್ರ ನೋಡುವ ಗಂಡಸರಿಗೆ. ಅಡಿಗೆಮನೆಗೆ ದಕ್ಕುವುದು ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ತಟ್ಟೆಯಷ್ಟು ಬಿಸಿಲು. ಬೇಳೆಯ ಹರಳು ಆರಿಸಬೇಕಾದರೆ ಮೊರ ಹಿಡಿದು ಆ ಬಿಸಿಲಿನ ಹಿಂದೆಯೇ ಸರಿಯಬೇಕು. ಬಾಣಂತಿಯ ಕೋಣೆಗೆ ಅದೂ ಇಲ್ಲ.

ಇದನ್ನು ಬನಹಟ್ಟಿಯ ನೇಕಾರರ ಹಳೆಯ ಮನೆಯೊಂದಿಗೆ ಹೋಲಿಸಿ ನೋಡಿ. ಎಳೆ ಕಾಣದೆ ನೇಯಲಾಗದು. ಆದ್ದರಿಂದ ಕುಣಿಮಗ್ಗಕ್ಕೆ ಬೆಳಕಿನ ಜಾಗ. ಪಕ್ಕದಲ್ಲೇ ಕಂಡಿಕೆ ಸುತ್ತುವ ಹೆಂಗಸಿಗೂ ಅದರಲ್ಲಿ ಪಾಲು. ಅವರ ಬಡತನವನ್ನು, ದುಡಿಮೆಯ ಭಾರವನ್ನು ನಾನು ಚಂದ ಮಾಡಿ ಹೇಳಲಾರೆ. ಹೆಣ್ಣಿನ ಕೈಕೆಲಸವನ್ನು ಕೆಲಸವೆಂದು ಎಣಿಸಿದ ಮನೆ ಅವಳನ್ನು ಬೆಳಕಿನಲ್ಲಿ ಕೂರಿಸಿತು ಎಂಬುದಷ್ಟೇ ನನ್ನ ಮಾತು.

ನಮ್ಮ ಮನೆಯಲ್ಲೀಗ ಚರ್ಚೆ ನಡೆದಿದೆ. ಕಿರಿಯರಿಗೆ ವಾಡೆ ಕೆಡವಿ ಅಂಗಡಿ ಸಾಲು ಕಟ್ಟುವಾಸೆ. ಹಿರಿಯರಿಗೆ ಒಂದು ಕಲ್ಲೂ ಅಲುಗಬಾರದು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಬೀಳಗಿ ಕಡೆಯ ಬೀಗರು ಬಂದಾಗ ನಮ್ಮ ಕಂಬಗಳನ್ನು ಸವರಿ ಸುಮ್ಮನೆ ಕೂರುತ್ತಾರೆ. ಅವರನ್ನು ಕಂಡ ಮೇಲೆ ಕೆಡವಿರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಕೇಳಿದ್ದು ಅಡಿಗೆಮನೆಯ ಹಿತ್ತಲ ಗೋಡೆಗೆ ಒಂದು ಕಿಟಕಿ.

"ಗ್ವಾಡಿಗೆ ಕೈ ಹಚ್ಚಿದರ ವಾಡೇದ ಲಕ್ಷಣ ಕೆಡ್ತೈತಿ" ಎಂದರು ಮಾವನವರು. ಅತ್ತೆ ಮಾತ್ರ ಒಲೆಯ ಮುಂದಿನಿಂದಲೇ, "ನಲವತ್ತು ವರ್ಷ ಆತು, ನಾ ಆ ಲಕ್ಷಣ ನೋಡೇ ಇಲ್ಲ. ಕಿಡಕಿ ಹಚ್ಚಿಸ್ರಿ, ನೋಡೂಣು" ಎಂದರು.

ವಾಡೆಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ.