ಮಾಮೂಲು ಒಲ್ಲದ ಪೊಲೀಸನ ಕಥೆ

ಕನ್ನಡದಲ್ಲಿ 'ಮಾಮೂಲು' ಎಂಬ ಪದಕ್ಕೆ ಎರಡು ಅರ್ಥಗಳಿವೆ. ದಿನನಿತ್ಯ ನಡೆಯುವಂಥದ್ದು ಎಂಬುದು ಒಂದು. ತಿಂಗಳು ತಿಂಗಳು ತಪ್ಪದೆ ಅಧಿಕಾರಿಯ ಕೈಸೇರುವ ಹಣ ಎಂಬುದು ಇನ್ನೊಂದು. ಅರಬಿ ಮೂಲದ ಈ ಪದ ನಮ್ಮ ನಾಲಿಗೆಯಲ್ಲಿ ಪಡೆದ ಈ ಎರಡನೆಯ ಅರ್ಥ, ಲಂಚದ ಸ್ವಭಾವವನ್ನೇ ಬಯಲು ಮಾಡುತ್ತದೆ. ಅಪರಾಧವು ರೂಢಿಯಾಗಿಬಿಟ್ಟರೆ ಅದಕ್ಕೆ ಅಪರಾಧವೆಂಬ ಹೆಸರೇ ಉಳಿಯುವುದಿಲ್ಲ. ಆಗ ತಪ್ಪಿತಸ್ಥನಾಗಿ ಕಾಣುವವನು ಹಣ ಪಡೆದವನಲ್ಲ, ಬೇಡವೆಂದವನು. 1973ರಲ್ಲಿ ತೆರೆಕಂಡ ಸಿಡ್ನಿ ಲುಮೆಟ್ ನಿರ್ದೇಶನದ 'ಸರ್ಪಿಕೊ' ಚಿತ್ರದ ವಸ್ತು ಇದೇ.

ಚಿತ್ರದ ಕಥೆ ಕಲ್ಪಿತವಲ್ಲ. ಫ್ರಾಂಕ್ ಸರ್ಪಿಕೊ 1959ರಲ್ಲಿ ನ್ಯೂಯಾರ್ಕ್ ಪೊಲೀಸ್ ಇಲಾಖೆಗೆ ಸೇರಿದವರು. ಅವರ ಬದುಕನ್ನು ಕುರಿತು ಪೀಟರ್ ಮಾಸ್ ಬರೆದ ಪುಸ್ತಕವನ್ನು ಆಧರಿಸಿ ವಾಲ್ಡೋ ಸಾಲ್ಟ್ ಮತ್ತು ನಾರ್ಮನ್ ವೆಕ್ಸ್ಲರ್ ಚಿತ್ರಕಥೆ ರಚಿಸಿದರು. ಅಲ್ ಪಚಿನೊ ಸರ್ಪಿಕೊ ಆದರು. ಗುಂಡೇಟು ತಿಂದ ಪೊಲೀಸನನ್ನು ಆಸ್ಪತ್ರೆಗೆ ಒಯ್ಯುವ ದೃಶ್ಯದಿಂದ ಚಿತ್ರ ಆರಂಭವಾಗುತ್ತದೆ. ಸುದ್ದಿ ಕೇಳಿದ ಸಹೋದ್ಯೋಗಿಗಳಿಗೆ ಮೊದಲು ಹೊಳೆಯುವ ಶಂಕೆ ಹೊಡೆದವನು ಯಾವ ಕಳ್ಳ ಎಂಬುದಲ್ಲ, ಹೊಡೆದವನು ಪೊಲೀಸನೇ ಇರಬಹುದೇ ಎಂಬುದು. ಒಂದು ಇಲಾಖೆ ಎಲ್ಲಿಗೆ ಬಂದು ಮುಟ್ಟಿದೆ ಎಂಬುದನ್ನು ತಿಳಿಯಲು ಇಷ್ಟೇ ಸಾಕು.

ಅಲ್ಲಿಂದ ಚಿತ್ರ ಹಿಂದಕ್ಕೆ ಹೋಗುತ್ತದೆ. ಹೊಸದಾಗಿ ಸಮವಸ್ತ್ರ ತೊಟ್ಟ ಯುವಕ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂರುತ್ತಾನೆ. ಬಂದ ಮಾಂಸ ಬರೀ ಕೊಬ್ಬು. ಬೇರೆ ಕೇಳಲು ಹೊರಟವನನ್ನು ಜೊತೆಯವನು ತಡೆಯುತ್ತಾನೆ. ಊಟ ಬಿಟ್ಟಿಯಾದ್ದರಿಂದ ಕೊಟ್ಟದ್ದನ್ನು ತಿನ್ನಬೇಕು. ಹೋಟೆಲಿನವನ ಗಾಡಿಗಳು ರಸ್ತೆಗೆ ಅಡ್ಡ ನಿಂತರೂ ಇವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಯಾರೂ ಕೆಟ್ಟವರಂತೆ ಕಾಣುವುದಿಲ್ಲ. ಹೋಟೆಲಿನವನು ಒಳ್ಳೆಯವನು, ಪೊಲೀಸನೂ ಒಳ್ಳೆಯವನು. ಭ್ರಷ್ಟಾಚಾರದ ಮೊದಲ ತುತ್ತು ಹೀಗೆ ಸ್ನೇಹದ ರೂಪದಲ್ಲೇ ಬಾಯಿಗೆ ಬೀಳುತ್ತದೆ. ಮುಂದೆ ಅವನು ಮಫ್ತಿಯಲ್ಲಿ ಕೆಲಸಕ್ಕೆ ಬಂದಾಗ ಯಾರದೋ ಕೈಯಿಂದ ಒಂದು ಲಕೋಟೆ ಬರುತ್ತದೆ. ಒಳಗೆ 300 ಡಾಲರ್. ನಮ್ಮ ಮಟಕಾವನ್ನು ಹೋಲುವ ನಂಬರ್ ಜೂಜಿನ ದಂಧೆಯವರಿಂದ ಸಂಗ್ರಹಿಸಿ, ಲೆಕ್ಕ ಹಾಕಿ, ಪಾಲು ಹಂಚುವ ವ್ಯವಸ್ಥೆಯೇ ಅಲ್ಲಿದೆ.

ಸರ್ಪಿಕೊ ಯಾರನ್ನೂ ಹಿಡಿದುಕೊಡಲು ಹೊರಟವನಲ್ಲ. ತನ್ನ ಪಾಲು ತನಗೆ ಬೇಡ ಎಂದಷ್ಟೇ ಹೇಳುತ್ತಾನೆ. ಅದೇ ಅಪಾಯವಾಗುತ್ತದೆ. ತಿನ್ನುವವರ ಪಂಕ್ತಿಯಲ್ಲಿ ಎಲೆ ಮುಂದೆ ಸುಮ್ಮನೆ ಕುಳಿತವನೊಬ್ಬನಿದ್ದರೆ ಉಳಿದವರ ಗಂಟಲಿನಲ್ಲಿ ತುತ್ತು ಇಳಿಯುವುದಿಲ್ಲ. ಅವನು ಮೇಲಧಿಕಾರಿಗಳ ಬಾಗಿಲು ತಟ್ಟುತ್ತಾನೆ. ಸುಮ್ಮನಿರುವುದೇ ಲೇಸು ಎಂದು ಒಬ್ಬ ಹೇಳಿದರೆ, ನೋಡೋಣ ಎಂದು ಇನ್ನೊಬ್ಬ ಕಳಿಸುತ್ತಾನೆ. ಅವರೆಲ್ಲ ಲಂಚ ತಿಂದವರೇ ಎಂದೇನಿಲ್ಲ. ಇಲಾಖೆಯ ಮಾನ ಹೋಗಬಾರದು ಎಂಬುದೇ ಹಲವರ ಚಿಂತೆ. ನಮ್ಮ ದೃಷ್ಟಿಯಲ್ಲಿ ಚಿತ್ರದ ಅತ್ಯಂತ ತೀಕ್ಷ್ಣವಾದ ಆರೋಪ ಇದು. ಕೈ ಶುಚಿಯಿದ್ದೂ ಬಾಯಿ ಮುಚ್ಚಿಕೊಂಡವರ ಆಸರೆಯಲ್ಲೇ ಕೈ ಕೊಳೆಯಾದವರು ಬದುಕುತ್ತಾರೆ.

ಚಿತ್ರದ ನಡುವೆ ಸರ್ಪಿಕೊನ ಗೆಳತಿ ಒಂದು ಕಥೆ ಹೇಳುತ್ತಾಳೆ. ಬಾವಿಗೆ ಮಾಟಗಾತಿ ಬೆರೆಸಿದ ವಿಷದಿಂದ ರಾಜ್ಯವೆಲ್ಲ ಹುಚ್ಚಾಗುತ್ತದೆ. ಆ ನೀರು ಕುಡಿಯದ ರಾಜನೊಬ್ಬನೇ ಹುಚ್ಚನೆಂದು ಪ್ರಜೆಗಳು ನಿರ್ಧರಿಸುತ್ತಾರೆ. ಕೊನೆಗೆ ರಾಜನೂ ಕುಡಿಯುತ್ತಾನೆ, ಅವನಿಗೆ ಬುದ್ಧಿ ಮರಳಿತೆಂದು ಊರು ಹಬ್ಬ ಮಾಡುತ್ತದೆ. ಕನ್ನಡದ ಓದುಗರಿಗೂ ಪ್ರಿಯನಾದ ಖಲೀಲ್ ಗಿಬ್ರಾನ್ ತನ್ನ 1918ರ 'ದಿ ಮ್ಯಾಡ್‌ಮನ್' ಕೃತಿಯಲ್ಲಿ ಹೇಳಿದ ಕಥೆಯಿದು. ಸರ್ಪಿಕೊ ಆ ನೀರು ಕುಡಿಯುವುದಿಲ್ಲ. ಕುಡಿಯದೆ ಉಳಿದವನು ಪ್ರೀತಿ, ನಿದ್ದೆ, ನೆಮ್ಮದಿ ಎಲ್ಲವನ್ನೂ ಒಂದೊಂದಾಗಿ ತೆರುತ್ತಾನೆ. ಪಚಿನೊ ಅವನನ್ನು ಸಂತನನ್ನಾಗಿಸದೆ ಸಿಡುಕನನ್ನಾಗಿ, ಮನೆಯವರ ಮೇಲೆ ರೇಗುವವನನ್ನಾಗಿ ತೋರಿಸಿರುವುದು ದೊಡ್ಡ ಸಾಧನೆ. ಪ್ರಾಮಾಣಿಕತೆ ಮನುಷ್ಯನನ್ನು ಸದಾ ಮೃದುವಾಗಿಡುತ್ತದೆ ಎಂಬ ಸುಳ್ಳನ್ನು ಚಿತ್ರ ಹೇಳುವುದಿಲ್ಲ.

ನಮ್ಮ ಕನ್ನಡ ಚಿತ್ರರಂಗವೂ ದಕ್ಷ ಪೊಲೀಸರನ್ನು ಪ್ರೀತಿಸಿದೆ. ಶಂಕರ್ ನಾಗ್ ಅವರ 'ಸಾಂಗ್ಲಿಯಾನ' (1988), ಸಾಯಿಕುಮಾರ್ ಅವರ 'ಪೊಲೀಸ್ ಸ್ಟೋರಿ' (1996) ಚಿತ್ರಗಳಿಗೆ ಬಿದ್ದ ಶಿಳ್ಳೆಗಳನ್ನು ಮರೆಯಲಾಗದು. ಆದರೆ ಇಂಥ ಚಿತ್ರಗಳಲ್ಲಿ ಮುಷ್ಟಿ ಮತ್ತು ಗುಡುಗಿನಂಥ ಮಾತು ನ್ಯಾಯವನ್ನು ಅಲ್ಲೇ ಮುಗಿಸಿಬಿಡುತ್ತವೆ. ಸರ್ಪಿಕೊನ ಎದುರಾಳಿ ಪಕ್ಕದ ಮೇಜಿನಲ್ಲಿ ಕುಳಿತ ಸಹೋದ್ಯೋಗಿ. ಅವನಿಗೆ ಹೊಡೆದು ಗೆಲ್ಲಲಾಗದು. ಗೋವಿಂದ ನಿಹಲಾನಿಯವರ 'ಅರ್ಧ ಸತ್ಯ'ದಲ್ಲಿ (1983) ಓಂ ಪುರಿಯ ಪೊಲೀಸ್ ಅಧಿಕಾರಿ ತನ್ನ ಅಸಹಾಯಕ ಸಿಟ್ಟನ್ನು ಲಾಕಪ್ಪಿನಲ್ಲಿ ಒಬ್ಬ ಬಡಪಾಯಿ ಕೈದಿಯ ಮೇಲೆ ತೀರಿಸಿಕೊಳ್ಳುತ್ತಾನೆ, ಕೈದಿ ಸಾಯುತ್ತಾನೆ. ಮುಷ್ಟಿಯ ನ್ಯಾಯ ಕೊನೆಗೆ ಬೀಳುವುದು ಯಾರ ಮೈಮೇಲೆ ಎಂಬುದನ್ನು ಆ ಚಿತ್ರ ಮುಚ್ಚಿಡಲಿಲ್ಲ.

ಹಾಗೆಂದು 'ಸರ್ಪಿಕೊ' ದೋಷವಿಲ್ಲದ ಚಿತ್ರವೇನಲ್ಲ. ಮೊದಲನೆಯದಾಗಿ, ನಾಯಕನನ್ನು ಒಂಟಿಯಾಗಿಸುವ ಆಸೆಯಲ್ಲಿ ಅದು ಜೊತೆಗಾರರನ್ನು ಕುಗ್ಗಿಸಿದೆ. ಡೇವಿಡ್ ಡರ್ಕ್ ಎಂಬ ಪೊಲೀಸ್ ಅಧಿಕಾರಿ ಈ ಹೋರಾಟದಲ್ಲಿ ಮೊದಲಿಂದಲೂ ಸರ್ಪಿಕೊ ಜೊತೆಗಿದ್ದವರು. 1970ರ ಏಪ್ರಿಲ್‌ನಲ್ಲಿ ಡೇವಿಡ್ ಬರ್ನ್‌ಹ್ಯಾಮ್ ಬರೆದ ವರದಿ 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲಿ ಬಂದದ್ದರ ಹಿಂದೆ ಡರ್ಕ್ ಅವರ ಶ್ರಮವೂ ಇತ್ತು. ಚಿತ್ರದಲ್ಲಿ ಅವರು ಬೇರೆ ಹೆಸರಿನ ಸಣ್ಣ ಪಾತ್ರವಾಗಿದ್ದಾರೆ. ಕೆಲವರಾದರೂ ಒಟ್ಟಾಗಿ ನಿಂತಾಗಲೇ ಸತ್ಯ ಹೊರಬಂತು ಎಂಬ ಪಾಠ ಇದರಿಂದ ಮಸುಕಾಗಿದೆ.

ಎರಡನೆಯದು ಇನ್ನೂ ಗಂಭೀರ. ಚಿತ್ರದ ಆರಂಭದ ಭಾಗದಲ್ಲಿ ಪೊಲೀಸರು ಒಬ್ಬ ಕಪ್ಪು ಯುವಕನನ್ನು ಹೊಡೆಯುತ್ತಾರೆ. ಸರ್ಪಿಕೊ ಅದರಲ್ಲಿ ಕೈಜೋಡಿಸದೆ, ಆಮೇಲೆ ಅವನನ್ನು ಕಾಫಿಗೆ ಕರೆದೊಯ್ದು ಮನುಷ್ಯನಂತೆ ಮಾತಾಡಿಸುತ್ತಾನೆ. ಅಷ್ಟಕ್ಕೇ ಆ ಯುವಕ ಚಿತ್ರದಿಂದ ಮರೆಯಾಗುತ್ತಾನೆ. ಮಾಮೂಲಿಯ ಕಾವಲಿನಲ್ಲಿ ಜೂಜು, ಮಾದಕ ದ್ರವ್ಯ ಬೆಳೆದದ್ದು ನಗರದ ಬಡವರ ಕೇರಿಗಳಲ್ಲಿ. ಲಂಚದ ನಿಜವಾದ ಬೆಲೆ ತೆತ್ತವರು ಅಲ್ಲಿನ ಕಪ್ಪು ಜನರು, ಪೋರ್ಟೊರಿಕೊ ಮೂಲದವರು. ಪೊಲೀಸನ ಸಂಕಟದ ಮುಂದೆ ಅವರ ಸಂಕಟ ಹಿನ್ನೆಲೆಗೆ ಸರಿದಿದೆ. 1971ರ ಫೆಬ್ರವರಿ 3ರಂದು ಬ್ರೂಕ್ಲಿನ್‌ನಲ್ಲಿ ಮಾದಕ ದ್ರವ್ಯದ ದಾಳಿಯ ವೇಳೆ ಸರ್ಪಿಕೊ ಮುಖಕ್ಕೆ ಗುಂಡು ಬಿದ್ದಾಗ, ಸಹಾಯಕ್ಕೆ ಕರೆ ಮಾಡಿದವನು ಜೊತೆಗಿದ್ದ ಪೊಲೀಸನಲ್ಲ, ಪಕ್ಕದ ಮನೆಯ ಲ್ಯಾಟಿನೊ ವೃದ್ಧ. ಸಹೋದ್ಯೋಗಿಗಳು ಸಂಚು ಹೂಡಿದ್ದರೆಂಬುದು ಎಂದೂ ಸಾಬೀತಾಗಲಿಲ್ಲ. ಆದರೆ ಕಷ್ಟಕ್ಕೆ ಒದಗಿದ್ದು ಯಾರ ಬಾಗಿಲು ಎಂಬುದು ದಾಖಲಾಗಿದೆ.

ಮೇಯರ್ ಜಾನ್ ಲಿಂಡ್ಸೆ ನೇಮಿಸಿದ ನ್ಯಾಪ್ ಆಯೋಗದ ಮುಂದೆ 1971ರ ಡಿಸೆಂಬರ್‌ನಲ್ಲಿ ಸರ್ಪಿಕೊ ಬಹಿರಂಗ ಸಾಕ್ಷ್ಯ ನುಡಿದರು. ಬುಟ್ಟಿಯಲ್ಲಿ ಒಂದೆರಡು ಹಣ್ಣು ಮಾತ್ರ ಕೊಳೆತಿವೆ ಎಂಬ ವಾದವನ್ನು ಆಯೋಗ ತಳ್ಳಿಹಾಕಿತು. ಭ್ರಷ್ಟ ಪೊಲೀಸರನ್ನು ಅದು ಎರಡು ಬಗೆಯಾಗಿ ಗುರುತಿಸಿತು: ಬಂದದ್ದನ್ನು ಮೇಯುವ ಹುಲ್ಲು ತಿನ್ನುವವರು, ಬೇಟೆಯಾಡಿ ಕಿತ್ತುಕೊಳ್ಳುವ ಮಾಂಸ ತಿನ್ನುವವರು. ಆ ಬಿಟ್ಟಿ ಊಟದ ಗೆಳೆಯನನ್ನು ನೆನೆದರೆ, ಹುಲ್ಲು ತಿನ್ನುವವರ ಸಂಖ್ಯಾಬಲವೇ ಮಾಂಸ ತಿನ್ನುವವರಿಗೆ ರಕ್ಷೆ ಎಂಬುದು ಅರ್ಥವಾಗುತ್ತದೆ. ಆಯೋಗದಿಂದ ಎಲ್ಲವೂ ಸರಿಹೋಗಲಿಲ್ಲ. 1992ರಲ್ಲಿ ಅದೇ ನಗರ ಇನ್ನೊಂದು ಆಯೋಗವನ್ನು, ಮೊಲೆನ್ ಆಯೋಗವನ್ನು, ನೇಮಿಸಬೇಕಾಯಿತು.

ಸರ್ಪಿಕೊ 1972ರಲ್ಲಿ ಇಲಾಖೆ ಬಿಟ್ಟರು. ಇಲಾಖೆ ಕೊಟ್ಟ ಪದಕ ಗುಂಡೇಟು ತಿಂದದ್ದಕ್ಕೆ, ಸತ್ಯ ಹೇಳಿದ್ದಕ್ಕಲ್ಲ. ವಿಧಿವತ್ತಾದ ಪ್ರಮಾಣಪತ್ರ ಅವರ ಕೈಸೇರಿದ್ದು 2022ರಲ್ಲಿ, ಗುಂಡು ಬಿದ್ದು 51 ವರ್ಷಗಳ ಮೇಲೆ. ಚಿತ್ರದ ಕೊನೆಯಲ್ಲಿ ಅವನು ತನ್ನ ನಾಯಿಯೊಂದಿಗೆ ಹಡಗುಕಟ್ಟೆಯಲ್ಲಿ ಕುಳಿತಿರುತ್ತಾನೆ. ಊರು ಬಿಟ್ಟು ಹೋಗುವವನು ಕದ್ದವನಲ್ಲ, ಕದಿಯಲಾರೆ ಎಂದವನು.

ಪ್ರಾಮಾಣಿಕ ಅಧಿಕಾರಿಗಳು ಬೇಕೆಂದು ನಾವೆಲ್ಲ ಹಂಬಲಿಸುತ್ತೇವೆ. ಅಂಥವನೊಬ್ಬ ಬಂದು ಬಾಗಿಲು ತಟ್ಟಿದರೆ ತೆರೆಯುವವರು ಯಾರು ಎಂದು ಕೇಳುವುದು ಕಡಿಮೆ. ಒಬ್ಬ ಮನುಷ್ಯ ನೇರವಾಗಿ ನಡೆಯಲು ಹುತಾತ್ಮನಾಗಲೇಬೇಕಾದ ವ್ಯವಸ್ಥೆಯಲ್ಲಿ, ಆ ಒಬ್ಬನನ್ನು ಹೊಗಳಿ ಮನೆಗೆ ಹೋಗುವುದೂ ಒಂದು ಮಾಮೂಲೇ.