ದೇವರನ್ನು ಒಪ್ಪದವರ ಅಂತರಂಗ

ನಾಸ್ತಿಕನಿಗೆ ಆಧ್ಯಾತ್ಮಿಕತೆ ಇರಲು ಸಾಧ್ಯವೇ? ಈ ಪ್ರಶ್ನೆ ಬಂದರೆ 'ಇಲ್ಲ' ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿರುತ್ತದೆ. ಉರ್ದುವಿನಲ್ಲಿ ಒಬ್ಬನನ್ನು 'ದಹರಿಯಾ' ಎಂದರೆ ಮುಗಿಯಿತು. ಅವನೊಳಗೆ ರೂಹಾನಿಯತ್ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ನಮ್ಮ ಕತೆಗಳಲ್ಲೂ ಅಷ್ಟೆ. ನಾಸ್ತಿಕನೆಂದರೆ ಒಂದೋ ಒಣ ವಾದಿ, ಇಲ್ಲವೇ ಕೊನೆಯ ಪುಟದಲ್ಲಿ ಪಶ್ಚಾತ್ತಾಪ ಪಡುವವನು. ಕತೆ ಬರೆಯುವ ನಾವೂ ಈ ಸುಲಭದ ದಾರಿ ಹಿಡಿದವರೇ.

ಆದರೆ ಕೋಲಾರದ ಚಿನ್ನದ ಗಣಿಯ ಚರಿತ್ರೆ ಈ ಉತ್ತರವನ್ನು ಒಪ್ಪುವುದಿಲ್ಲ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ 1894ರಲ್ಲಿ ರೈಲು ಬಂತು. ತಮಿಳು ಸೀಮೆಯ ದಲಿತರು ಸಾವಿರಗಟ್ಟಲೆ ಗಣಿಗಿಳಿದರು. ಪಂಡಿತ ಅಯೋತಿದಾಸ್ (1845-1914) ಮದರಾಸಿನಲ್ಲಿ 1898ರಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಬೇರುಬಿಟ್ಟಿತು. ಅವರು ಕಾಲವಾದ ಮೇಲೆ ಅವರ 'ತಮಿಳನ್' ಪತ್ರಿಕೆ 1926ರಲ್ಲಿ ಮತ್ತೆ ಹೊರಟಿದ್ದೂ ಈ ಗಣಿಯೂರಿನಿಂದಲೇ.

ಈ ಧರ್ಮದಲ್ಲಿ ಸೃಷ್ಟಿಕರ್ತನಿಲ್ಲ. ಶೀಲಗಳ ಪಾಲನೆ ಇತ್ತು, ಮದುವೆ-ಮರಣಗಳಿಗೆ ತಮ್ಮದೇ ವಿಧಿಗಳಿದ್ದವು. ಬಂಡೆ ಸಿಡಿದು ಜನ ಸಾಯುತ್ತಿದ್ದ ಗಣಿ ಅದು. ಇಳಿದವನು ಮೇಲೆ ಬರುವನೋ ಇಲ್ಲವೋ ಎಂಬ ಊರಿನಲ್ಲಿ ಹೀಗೆ ಬದುಕಿದವರನ್ನು ಅಂತರಂಗವಿಲ್ಲದವರೆನ್ನಲು ನಮಗೆ ನಾಲಿಗೆ ಏಳದು.

ಅವರೆಲ್ಲ ಪೂರ್ಣ ನಾಸ್ತಿಕರಲ್ಲ ಎನ್ನಬಹುದು. ಹಾಗಿದ್ದರೆ, ಅಯೋತಿದಾಸರ ಸಂಘದೊಡನೆ ಒಡನಾಟವಿದ್ದ ಮದರಾಸಿನ ವಿಜ್ಞಾನ ಅಧ್ಯಾಪಕ ಪಿ. ಲಕ್ಷ್ಮೀನರಸು ಅವರ 'ದಿ ಎಸೆನ್ಸ್ ಆಫ್ ಬುದ್ಧಿಸಂ' (1907) ನೋಡಿ. ಅಂಬೇಡ್ಕರರ ಮುನ್ನುಡಿಯೊಂದಿಗೆ 1948ರಲ್ಲಿ ಮರುಮುದ್ರಣಗೊಂಡ ಈ ಗ್ರಂಥ ಸೃಷ್ಟಿಕರ್ತನನ್ನೂ ಶಾಶ್ವತ ಆತ್ಮವನ್ನೂ ನೇರವಾಗಿ ನಿರಾಕರಿಸುತ್ತದೆ. ಆದರೂ 'ನಾನು' ಎಂಬ ಭ್ರಮೆ ಕಳಚಿ ಕರುಣೆಗೆ ಎಡೆಮಾಡಿಕೊಡುವುದೇ ಅದರ ತಿರುಳು. ನಮ್ಮ ಸೂಫಿಗಳು ನಫ್ಸ್ ಎಂದು ಕರೆದು ಜೀವಮಾನವಿಡೀ ಪಳಗಿಸಿದ್ದೂ ಈ 'ನಾನು'ವನ್ನೇ ಅಲ್ಲವೇ? ದಾರಿ ಬೇರೆ, ಗುರಿ ಬೇರೆ. ಶತ್ರು ಮಾತ್ರ ಒಬ್ಬನೇ.

ಗ್ರಂಥದಲ್ಲಿ ಕೊರತೆ ಇಲ್ಲವೆಂದಲ್ಲ. ಪವಾಡಗಳನ್ನು ಸೋಸುವ ಭರದಲ್ಲಿ ಬುದ್ಧ ಅಲ್ಲಲ್ಲಿ ತರಗತಿಯ ಮೇಷ್ಟರಂತೆ ಕಾಣುತ್ತಾನೆ. ಅವನ ಮೌನ ನಮಗೆ ಸಿಗುವುದಿಲ್ಲ. ಆ ಮೌನ ಕಳೆದುಕೊಂಡ ವಿಚಾರವಾದ ಬರೀ ವಾದವಾಗುತ್ತದೆ. ನಮ್ಮ ವಿಚಾರವಾದಿ ಗೆಳೆಯರು ಇದನ್ನು ಗಮನಿಸಬೇಕು.

ನಾವು ದೇವವಿಶ್ವಾಸಿಗಳು. ಆ ವಿಶ್ವಾಸವನ್ನು ಸಡಿಲಿಸಿ ಈ ಮಾತು ಹೇಳುತ್ತಿಲ್ಲ. ಬದುಕಿಗೆ ಕೃತಜ್ಞತೆ ಹೇಳಬೇಕೆನಿಸಿದಾಗ ಅದನ್ನು ಕೇಳಿಸಿಕೊಳ್ಳುವವನು ಅವರಿಗಿಲ್ಲವೆಂಬುದು ನಮ್ಮನ್ನು ಕಾಡುತ್ತದೆ. ಆದರೆ ಪವಿತ್ರ ಕುರ್‌ಆನಿನ 'ಅಲ್ ಮಾಊನ್' ಅಧ್ಯಾಯ ಅನಾಥನನ್ನು ದೂಡುವವನನ್ನೂ ತೋರಿಕೆಗೆ ನಮಾಝ್ ಮಾಡುವವನನ್ನೂ ಒಂದೇ ಉಸಿರಿನಲ್ಲಿ ಎಚ್ಚರಿಸುತ್ತದೆ. ನಮ್ಮ ನಮಾಝ್ ಯಾವ ಸಾಲಿನದೆಂದು ಮೊದಲು ನೋಡಿಕೊಳ್ಳೋಣ. ಹೃದಯದೊಳಗಿನದನ್ನು ಬಲ್ಲವನು ಅಲ್ಲಾಹನೊಬ್ಬನೇ ಎಂದು ನಂಬಿದ ಮೇಲೆ, ಮತ್ತೊಬ್ಬನ ಅಂತರಂಗ ಬರಿದೆಂದು ಷರಾ ಬರೆಯಲು ನಾವು ಯಾರು?