ಡೊಂಬಿವಲಿಯ ಡೆಮ್ಲೊ

ಕಲ್ಯಾಣದ ಲೋಕಲ್ ಹಿಡಿಯುವವರಿಗೆ ಡೊಂಬಿವಲಿ ಎಂದರೆ ನೂಕುನುಗ್ಗಲು. ಸಂಖ್ಯೆಗಳ ಹುಚ್ಚು ಹತ್ತಿದವರಿಗೆ ಮಾತ್ರ ಅದೊಂದು ಪುಣ್ಯಕ್ಷೇತ್ರ. ಜಿ.ಐ.ಪಿ. ರೈಲ್ವೆಯ ಕಾಲದಲ್ಲಿ, ಮುಂಬಯಿಯಿಂದ 30 ಮೈಲಿ ದೂರದ ಈ ಸ್ಟೇಷನ್ನಿನಲ್ಲಿ ಹೊಳೆದ ಸಂಖ್ಯೆಗಳಿಗೆ ಡಿ.ಆರ್. ಕಾಪ್ರೇಕರ್ ಊರಿನ ಹೆಸರಿನಿಂದಲೇ ‘ಡೆಮ್ಲೊ’ ಎಂದು ಹೆಸರಿಟ್ಟರು. 1905ರಲ್ಲಿ ಅಂದಿನ ಠಾಣೆ ಜಿಲ್ಲೆಯ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಶಾಲೆ ಕಲಿತು, 1930ರಿಂದ 1962ರವರೆಗೆ ದೇವಳಾಲಿಯಲ್ಲಿ ಮೇಷ್ಟ್ರಾಗಿದ್ದವರು ಅವರು. ಜಗತ್ತು ಅವರನ್ನು ಬಲ್ಲದ್ದು ಅವರದೇ ಇನ್ನೊಂದು ಸಂಖ್ಯೆ 6174ರಿಂದ. ನನ್ನ ಮೆಚ್ಚುಗೆ ಡೆಮ್ಲೊಗೆ.

23ನ್ನು 11, 111, 1111ರಿಂದ ಗುಣಿಸಿ: 253, 2553, 25553. ತುದಿಯ 2 ಮತ್ತು 3 ಕೂಡಿದರೆ ನಡುವಿನ 5. ಡೆಮ್ಲೊ ಮನೆತನದ ಚಹರೆಯೇ ಇದು. ಆ ಮನೆತನದ ಚೆಲುವೆಯರು ಬರೀ ಒಂದುಗಳ ವರ್ಗಗಳು: 121, 12321, 1234321. ಒಂಬತ್ತು ಒಂದುಗಳ ವರ್ಗ 12345678987654321. ನಮ್ಮ ಲೆಕ್ಕದಲ್ಲಿ 123 ಕೋಟಿ ಕೋಟಿಗೂ ಮೇಲೆ! ಅಂಕಿಗಳ ಮೊತ್ತ 81, ಅಂದರೆ ಒಂಬತ್ತರ ವರ್ಗ.

ಕಾರಣ ಗುಟ್ಟೇನಲ್ಲ. 111ನ್ನು 111ರಿಂದ ಗುಣಿಸುವಾಗ ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ತುದಿಯ ಕಂಬದಲ್ಲಿ ಒಂದೇ ಒಂದು, ನಡುವೆ ಮೂರು. ಒಂಬತ್ತರವರೆಗೆ ದಶಕ ಬರುವುದಿಲ್ಲ, ಆದ್ದರಿಂದ ಚಿತ್ತಾರ ಕೆಡುವುದಿಲ್ಲ.

ಹತ್ತು ಒಂದುಗಳಿಗೆ ಬನ್ನಿ: 1234567900987654321. ನಡುಕಂಬದಲ್ಲಿ ಹತ್ತು, ಸೊನ್ನೆ ಬರೆದು ದಶಕ ಒಂದು. ಪಕ್ಕದ ಒಂಬತ್ತೂ ಹತ್ತಾಯಿತು, ಮತ್ತೆ ಸೊನ್ನೆ. ಅದರಾಚೆಯ ಎಂಟು ಒಂಬತ್ತಾಗಿ, ಏಳರ ನಂತರದ 8 ಮಾಯ. ಚೆಲುವು ಕೆಟ್ಟಿತೆಂದು ಹಲವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನನಗೋ ರಸ ಶುರುವಾಗುವುದೇ ಇಲ್ಲಿಂದ. ಅಂಕಿಗಳ ಮೊತ್ತ 100 ಆಗದೆ 82 ಆಗಿದೆ. ಹತ್ತು ಹೋಗಿ ಒಂದಾಗುವ ಪ್ರತಿ ದಶಕವೂ ಮೊತ್ತದಿಂದ ಒಂಬತ್ತು ನುಂಗುತ್ತದೆ; ಎರಡು ದಶಕಕ್ಕೆ ಹದಿನೆಂಟು. ಸೊಗಸು ಕೆಟ್ಟಿರಬಹುದು, ಲೆಕ್ಕ ಕೆಟ್ಟಿಲ್ಲ.

ಇದೆಲ್ಲ ಹತ್ತರ ಪದ್ಧತಿಯಲ್ಲಿ ಬರೆಯುವುದರ ಮಹಿಮೆ, ಸಂಖ್ಯೆಯದ್ದಲ್ಲ ಎಂಬ ಆಕ್ಷೇಪ ಹಳೆಯದು. ಒಪ್ಪೋಣ. ಹದಿನಾರರ ಪದ್ಧತಿಯಲ್ಲಾದರೆ ಒಂದುಗಳ ಚಿತ್ತಾರ ಹದಿನೈದರವರೆಗೆ ಓಡುತ್ತದೆ. ಆದರೆ 111111111 ಎಂದರೆ 3, 3, 37 ಮತ್ತು 333667ರ ಗುಣಲಬ್ಧ; ಆದ್ದರಿಂದ ಅದರ ವರ್ಗಕ್ಕೆ ಸರಿಯಾಗಿ 45 ಭಾಜಕಗಳು. ಯಾವ ಪದ್ಧತಿಯಲ್ಲಿ ಬರೆದರೂ ಇವು ಕದಲವು. ಉಡುಗೆ ಯಾವುದು, ಮೈ ಯಾವುದು ಎಂದು ಬಿಡಿಸಿ ನೋಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂಖ್ಯೆ ನನಗೆ ಸಿಕ್ಕಿಲ್ಲ.

1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬರೆದ ಮೇಲೆ ಕಾಪ್ರೇಕರರ ಹೆಸರು ಹೊರದೇಶಗಳಲ್ಲಿ ಹಬ್ಬಿತು. ಆದರೆ ಅವರ ಸಂಖ್ಯೆಗಳನ್ನು ಸವಿಯಲು ಪೆನ್ಸಿಲು, ಕಾಗದ ಸಾಕು. ಈ ವಾರ ಹನ್ನೊಂದು ಒಂದುಗಳನ್ನು ಕೈಯಾರೆ ವರ್ಗ ಮಾಡಿ. ದಶಕ ನಾಲ್ಕು ಬಂದರೆ ಅಂಕಿಗಳ ಮೊತ್ತ 121ರಿಂದ 36 ಕಳೆದು 85 ಆಗಬೇಕು. ಆಗದಿದ್ದರೆ ಕೂಡುವಾಗ ಎಲ್ಲೋ ದಶಕ ಬಿಟ್ಟಿದ್ದೀರಿ.